ಕೆಮ್ಮು–ನೆಗಡಿಯ ಮಿಶ್ರ ಸಿರಪ್: ಸುರಕ್ಷಿತ ಬಳಕೆಯ ಬಗ್ಗೆ ಸದಸ್ಯರು ತಿಳಿದಿರಬೇಕಾದ ಅಂಶಗಳು



ಮಳೆಗಾಲ ಹಾಗೂ ಚಳಿಗಾಲಗಳಲ್ಲಿ ನೆಗಡಿ, ಕೆಮ್ಮು ಪ್ರತಿ ಮನೆಯಲ್ಲೂ ಕಾಣಿಸಿಕೊಳ್ಳುತ್ತವೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಒಂದೇ ಬಾಟಲಿಯ ಸಿರಪ್ಪನ್ನು ಅಜ್ಜನಿಗೂ ಮೊಮ್ಮಗುವಿಗೂ ಕುಡಿಸುವ ರೂಢಿ ಅನೇಕ ಕಡೆ ಇದೆ. ಈ ರೂಢಿಯು ಜೀವಕ್ಕೇ ಅಪಾಯ ತರಬಲ್ಲದು. ಇದರ ಕಾರಣಗಳನ್ನು ಸದಸ್ಯರು ಅರಿತು, ತಮ್ಮ ವಾರ್ಡಿನ ಜನರಿಗೆ ತಿಳಿಸಿಕೊಡಬೇಕೆಂಬುದು ಈ ಲೇಖನದ ಉದ್ದೇಶ.

ಬಾಟಲಿಯೊಳಗೆ ಏನಿದೆ?

ಮಿಶ್ರ ಸಿರಪ್ ಎಂದರೆ ಒಂದೇ ಬಾಟಲಿಯಲ್ಲಿ ಎರಡು ಅಥವಾ ಹೆಚ್ಚು ಔಷಧಗಳು ಸೇರಿರುವ ದ್ರಾವಣ. ಫೆನೈಲೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸಿ ಕಟ್ಟಿದ ಮೂಗನ್ನು ಸಡಿಲಿಸಲೆಂದು ಸೇರಿಸುವ ಔಷಧ. ಕ್ಲೋರ್‌ಫೆನಿರಮೈನ್ ಸೀನು ಮತ್ತು ಮೂಗು ಸೋರುವುದನ್ನು ತಗ್ಗಿಸುತ್ತದೆ. ಜೊತೆಗೆ ನಿದ್ರೆಯ ಮಂಪರನ್ನೂ ತರುತ್ತದೆ. ಡೆಕ್ಸ್ಟ್ರೊಮೆಥಾರ್ಫಾನ್ ಒಣಕೆಮ್ಮನ್ನು ಅಡಗಿಸುತ್ತದೆ. ಕೆಲವು ಸಿರಪ್‌ಗಳಲ್ಲಿ ಜ್ವರದ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಇವು ತಾತ್ಕಾಲಿಕ ಉಪಶಮನ ನೀಡುತ್ತವೆಯೇ ಹೊರತು ರೋಗವನ್ನು ಗುಣಪಡಿಸುವುದಿಲ್ಲ. ಸಾಮಾನ್ಯ ನೆಗಡಿ ವೈರಾಣುವಿನಿಂದ ಬರುವಂಥದ್ದು. ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ.

ಚಿಕ್ಕ ಮಕ್ಕಳಿಗೆ ಬೇಡ

ಕ್ಲೋರ್‌ಫೆನಿರಮೈನ್ ಮತ್ತು ಫೆನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದರು. 2025ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಸೇವಿಸಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲವಾಗಿ ಮೃತಪಟ್ಟರು. ಆ ಸಿರಪ್‌ನಲ್ಲಿ ಶೇ. 0.1ನ್ನು ಮೀರಬಾರದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಪದಾರ್ಥವು ಶೇ. 48.6ರಷ್ಟು ಇದ್ದುದು ಪ್ರಯೋಗಾಲಯದಲ್ಲಿ ಪತ್ತೆಯಾಯಿತು. ಈ ವಿಷದ ರುಚಿ ಸಿಹಿ. ಸಿಹಿಯಾದ ಸಿರಪ್‌ನಲ್ಲಿ ಅದು ಬೆರೆತಿರುವುದನ್ನು ನೋಡಿಯಾಗಲಿ, ರುಚಿಯಿಂದಾಗಲಿ ತಾಯಂದಿರು ಗುರುತಿಸಲಾರರು. ಅನಗತ್ಯವಾಗಿ ಸಿರಪ್ ಕೊಡದಿರುವುದಕ್ಕೆ ಇದೂ ಒಂದು ಬಲವಾದ ಕಾರಣ.

ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದ 2025ರ ಅಕ್ಟೋಬರ್ ಸೂಚನೆಯಂತೆ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಔಷಧ ಕೊಡಬಾರದು. 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಶಿಫಾರಸು ಇಲ್ಲ. ಅದಕ್ಕೂ ದೊಡ್ಡ ಮಕ್ಕಳಿಗೆ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟರೆ ಮಾತ್ರ ಕೊಡತಕ್ಕದ್ದು. ಎದೆಹಾಲು, ಬೆಚ್ಚಗಿನ ದ್ರವಾಹಾರ ಮತ್ತು ವಿಶ್ರಾಂತಿಯೇ ಎಳೆಯ ಮಕ್ಕಳಿಗೆ ಮೊದಲ ಆರೈಕೆ. 1 ವರ್ಷದೊಳಗಿನ ಶಿಶುವಿಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು.

ದೊಡ್ಡವರಿಗೂ ಎಚ್ಚರಿಕೆ ಅಗತ್ಯ

ರಕ್ತದೊತ್ತಡ, ಹೃದ್ರೋಗ, ಸಕ್ಕರೆ ಕಾಯಿಲೆ, ಥೈರಾಯ್ಡ್, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳದೆ ಈ ಸಿರಪ್ ಸೇವಿಸಬಾರದು. ಮಂಪರು ತರುವ ಸಿರಪ್ ಕುಡಿದು ಟ್ರ್ಯಾಕ್ಟರ್, ಬೈಕ್ ಓಡಿಸುವುದು ಅಪಘಾತಕ್ಕೆ ದಾರಿ. ಮದ್ಯದೊಂದಿಗೆ ಸೇವಿಸಲೇಬಾರದು. ಸಿರಪ್‌ನಲ್ಲಿ ಪ್ಯಾರಾಸಿಟಮಾಲ್ ಇರುವಾಗ ಜ್ವರದ ಮಾತ್ರೆಯನ್ನೂ ನುಂಗಿದರೆ ಪ್ರಮಾಣ ಮಿತಿಮೀರಿ ಯಕೃತ್ತಿಗೆ ಹಾನಿಯಾಗಬಹುದು.

ಕೊಳ್ಳುವಾಗ, ಕುಡಿಯುವಾಗ

ಪರವಾನಗಿ ಇರುವ ಔಷಧ ಅಂಗಡಿಯಲ್ಲೇ ಕೊಂಡು ರಸೀದಿ ಪಡೆಯಬೇಕು. ಔಷಧಗಳ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಬೇಕು. ಅಡುಗೆಮನೆಯ ಚಮಚಗಳ ಅಳತೆ ಒಂದೇ ಸಮವಿರುವುದಿಲ್ಲ. ಆದ್ದರಿಂದ ಬಾಟಲಿಯೊಂದಿಗೆ ಬರುವ ಮಿಲಿಲೀಟರ್ ಗುರುತಿನ ಮುಚ್ಚಳದಿಂದಲೇ ಅಳೆಯಬೇಕು. ಬೇಗ ಗುಣವಾಗಲೆಂದು ಹೆಚ್ಚು ಕುಡಿಯುವುದು, ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರಿಗೆ ಕೊಡುವುದು ಸಲ್ಲದು. ಬಾಟಲಿಯನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು.

ತಡಮಾಡಬಾರದ ಲಕ್ಷಣಗಳು

ಮಗು ವೇಗವಾಗಿ ಉಸಿರಾಡುವುದು, ಉಸಿರೆಳೆದಾಗ ಪಕ್ಕೆ ಒಳಸೇರುವುದು, ಹಾಲು ಕುಡಿಯದಿರುವುದು, ಎಚ್ಚರಗೊಳ್ಳದಷ್ಟು ಮಂಪರು, ಫಿಟ್ಸ್. ಸಿರಪ್ ಕುಡಿದ ಬಳಿಕ ವಾಂತಿ ಅಥವಾ ಮೂತ್ರ ಕಡಿಮೆಯಾಗುವುದು — ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆಮಾಡಿ, ಕುಡಿಸಿದ ಬಾಟಲಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಕೆಮ್ಮು 2 ವಾರ ಮೀರಿದರೆ ಸಿರಪ್ ಬದಲಿಸುತ್ತ ಕೂರದೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನಡೆಯುವ ಕ್ಷಯರೋಗದ ಕಫ ಪರೀಕ್ಷೆ ಮಾಡಿಸಬೇಕು.

ಸದಸ್ಯರು ಕೈಗೊಳ್ಳಬಹುದಾದ ಕ್ರಮ

ಈ ಅಂಶಗಳನ್ನು ವಾರ್ಡ್ ಸಭೆಯಲ್ಲಿ ಓದಿ ಹೇಳುವುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಚರ್ಚಿಸುವುದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ 5 ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಗೂ ತಲುಪಿಸುವುದು. ಔಷಧದಿಂದ ತೊಂದರೆಯಾದ ಪ್ರಕರಣ ಗಮನಕ್ಕೆ ಬಂದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅಂದೇ ತಿಳಿಸುವುದು. ಅದೇ ಬ್ಯಾಚಿನ ಬಾಟಲಿ ಊರಿನ ಇನ್ನೊಂದು ಮನೆಯಲ್ಲೂ ಇರಬಹುದು; ಅಂದೇ ಸುದ್ದಿ ಮುಟ್ಟಿಸಿದರೆ ಆ ಮನೆಯ ಮಗುವನ್ನು ಉಳಿಸಿಕೊಳ್ಳಲು ಸಾಧ್ಯ.