ಖಾಸಗಿತನ, ಗೋಪ್ಯತೆ ಮತ್ತು ಪ್ರಭುತ್ವ

ಕನ್ನಡದ ಆಡಳಿತ ಹಾಗೂ ಪತ್ರಿಕಾ ಭಾಷೆಯಲ್ಲಿ ‘ಖಾಸಗಿತನ’ ಮತ್ತು ‘ಗೋಪ್ಯತೆ’ ಎಂಬ ಪದಗಳು ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಆದರೆ ಇವೆರಡೂ ಸೂಚಿಸುವ ಅಧಿಕಾರ ಸಂಬಂಧಗಳು ಬೇರೆ ಬೇರೆ. ಸಚಿವರು ಸ್ವೀಕರಿಸುವುದು ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನವನ್ನು. ಅಲ್ಲಿ ಗೋಪ್ಯತೆಯು ಪ್ರಭುತ್ವಕ್ಕೆ ಸೇರಿದ್ದು. ‘ಖಾಸಗಿ’ ಪದದ ಮೂಲ ಅರಬ್ಬಿಯ ‘ಖಾಸ್’. ಮರಾಠಾ ಆಡಳಿತದಲ್ಲಿ ‘ಖಾಸಗಿ’ ಎಂದರೆ ಆಳುವ ಮನೆತನದ ಸ್ವಂತ ಆಸ್ತಿ. ಒಡೆಯರ ಸ್ವತ್ತನ್ನು ಸೂಚಿಸುತ್ತಿದ್ದ ಪದವೇ ಇಂದು ಪ್ರಭುತ್ವದ ಎದುರು ಪ್ರಜೆ ಮಂಡಿಸುವ ಹಕ್ಕಿನ ಹೆಸರಾಗಿರುವುದು ಗಮನಾರ್ಹ.

ಈ ಹಕ್ಕಿಗೆ ಸಾಂವಿಧಾನಿಕ ಮನ್ನಣೆ ದೊರಕಿಸಿದ ಮೊಕದ್ದಮೆಗೆ ಕರ್ನಾಟಕದ ನಂಟಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಪ್ರಜೆಗಳ ಬೆರಳಚ್ಚು, ಕಣ್ಪಾಪೆಯ ಗುರುತುಗಳನ್ನು ಸಂಗ್ರಹಿಸುತ್ತಿದ್ದ ಆ ಯೋಜನೆಗೆ ಆಗ ಸಂಸತ್ತಿನ ಕಾಯಿದೆಯ ಬಲವಿರಲಿಲ್ಲ. ಕಾಯಿದೆ ಬಂದದ್ದು 2016ರಲ್ಲಿ. ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಸರ್ಕಾರ 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಹಕ್ಕು ನಿರಪೇಕ್ಷವಲ್ಲವಾದರೂ, ಅದನ್ನು ಮಿತಿಗೊಳಿಸಲು ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಹಾಗೂ ಆ ಉದ್ದೇಶವನ್ನು ಮೀರದ ಕ್ರಮ ಇರಬೇಕೆಂಬ ಮಾನದಂಡ ಈ ತೀರ್ಪಿನಿಂದ ಮೂಡಿತು. ಇದೇ ಮಾನದಂಡವನ್ನು ಅನ್ವಯಿಸಿದ ಐವರ ಪೀಠ 2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯಿದೆಯನ್ನು 4:1 ಬಹುಮತದಿಂದ ಬಹುಮಟ್ಟಿಗೆ ಎತ್ತಿಹಿಡಿಯಿತು. ಹಕ್ಕನ್ನು ಒಪ್ಪುವುದು ಬೇರೆ, ಅದರಿಂದ ಪ್ರಭುತ್ವವನ್ನು ತಡೆಯುವುದು ಬೇರೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಈ ಅಂತರ ಇನ್ನಷ್ಟು ಹಿಗ್ಗಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗಾಗಿ ಸರ್ಕಾರಿ ಸಂಸ್ಥೆಗಳನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಡಲು ಅದು ಕೇಂದ್ರ ಸರ್ಕಾರಕ್ಕೆ ಅವಕಾಶ ನೀಡುತ್ತದೆ. ಜೊತೆಗೆ 2005ರ ಮಾಹಿತಿ ಹಕ್ಕು ಕಾಯಿದೆಯನ್ನೂ ತಿದ್ದುತ್ತದೆ. ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವಿಲ್ಲವೆಂದೋ, ಅದು ಅನಗತ್ಯ ಅತಿಕ್ರಮಣವಾಗುತ್ತದೆಂದೋ ತೋರಿಸಬೇಕಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಾಹಿತಿ ವೈಯಕ್ತಿಕವಾಗಿದ್ದರೆ ಸಾಕು. ಸಾರ್ವಜನಿಕ ಹಿತ ಹೆಚ್ಚಿನದೆನಿಸಿದಲ್ಲಿ ಮಾಹಿತಿ ನೀಡಬಹುದೆಂಬ ಉಪಬಂಧ ಉಳಿದಿದೆಯಾದರೂ, ಆ ಹಿತವನ್ನು ಅಳೆಯುವವನು ಮೊದಲಿಗೆ ಅಧಿಕಾರಿಯೇ. ಪಿಂಚಣಿ ಫಲಾನುಭವಿಗಳ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ ಎಂದು ಕೇಳುವ ಗ್ರಾಮಸ್ಥನಿಗೆ ಅದೇ ಹೆಸರುಗಳು ‘ವೈಯಕ್ತಿಕ’ವೆಂಬ ಉತ್ತರ ದೊರೆಯಬಹುದು.

ಹೀಗೆ ಪ್ರಜೆಯ ಖಾಸಗಿತನದ ಹೆಸರಿನಲ್ಲಿ ಪ್ರಭುತ್ವದ ಗೋಪ್ಯತೆ ಬಲಗೊಳ್ಳುವ ಸಾಧ್ಯತೆಯಿದೆ. ಆದುದರಿಂದ ಈ ಎರಡು ಪದಗಳನ್ನು ಬೇರ್ಪಡಿಸಿ ಬಳಸುವುದು ಕೇವಲ ನಿಘಂಟಿನ ಶಿಸ್ತಲ್ಲ. ಯಾರು ಯಾರಿಂದ ಏನನ್ನು ಮರೆಮಾಡುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಅದು ಅಗತ್ಯ.