ಪ್ಯಾಸೇಜ್ ಓದುವಾಗ ನಾನು ಕಲಿತದ್ದು



ನಮ್ಮಲ್ಲಿ ಹೆಚ್ಚಿನವರು ತಯಾರಿ ನಡೆಸುವುದು ಕೆಸಿಇಟಿ ಪರೀಕ್ಷೆಗೆ. ಅದರಲ್ಲಿ ಪ್ಯಾಸೇಜ್ ಓದಿ ಉತ್ತರಿಸುವ ವಿಭಾಗವಿಲ್ಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಆದರೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಸಿಯುಇಟಿ ಹಾಗಲ್ಲ. 2022ರಲ್ಲಿ ಆರಂಭವಾದ ಈ ಪರೀಕ್ಷೆಯ ಭಾಷಾ ಪತ್ರಿಕೆಯನ್ನು ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ಸೇರಿ 13 ಭಾಷೆಗಳಲ್ಲಿ ಯಾವುದರಲ್ಲಾದರೂ ಬರೆಯಬಹುದು. 2025ರ ಮಾದರಿಯಂತೆ 60 ನಿಮಿಷಕ್ಕೆ 50 ಪ್ರಶ್ನೆ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಕಾನೂನು ಓದಲು ಬರೆಯುವ ಕ್ಲಾಟ್‌ನಲ್ಲಂತೂ 120 ನಿಮಿಷಕ್ಕೆ 120 ಪ್ರಶ್ನೆ, ಬಹುತೇಕ ಎಲ್ಲವೂ ಪ್ಯಾಸೇಜ್ ಆಧರಿಸಿದವು.

ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡಿ ಬೆಳೆದ ನನಗೆ ಓದುವುದೇನು ಕಷ್ಟ ಎಂದುಕೊಂಡಿದ್ದೆ. ನಮ್ಮ ಉಪನ್ಯಾಸಕರು ಕೊಟ್ಟ ಒಂದು ಅಭ್ಯಾಸ ಪರೀಕ್ಷೆ ಆ ಧೈರ್ಯವನ್ನು ಇಳಿಸಿತು. ಪ್ಯಾಸೇಜ್ ನಮ್ಮ ಊರಿನದೇ ಆಗಿತ್ತು. ಅದರ ಸಾರಾಂಶ ಇಷ್ಟು:

"1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ."

ಪ್ಯಾಸೇಜ್ ಪ್ರಕಾರ ಯಾವುದು ಸರಿ ಎಂಬುದು ಪ್ರಶ್ನೆ.

ಅ) 1902ರಲ್ಲಿ ಕಾರ್ಮಿಕರ ಎಲ್ಲ ಮನೆಗಳಿಗೂ ವಿದ್ಯುತ್ ಬಂದಿತ್ತು.
ಆ) ಬೆಂಗಳೂರಿನ ಬೀದಿಗಳಿಗಿಂತ ಮೊದಲು ಗಣಿಗಳಿಗೆ ವಿದ್ಯುತ್ ಬಂತು.
ಇ) ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು.
ಈ) ಗಣಿಗಳಿಗೆ ಬೆಂಗಳೂರಿನಿಂದ ವಿದ್ಯುತ್ ಬಂತು.

ನಾನು 'ಇ' ಗುರುತಿಸಿದೆ. ನನ್ನ ದಾದಾ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಮನೆ ಹೇಗಿತ್ತು ಎಂಬುದನ್ನು ಕೇಳುತ್ತಲೇ ಬೆಳೆದವನು ನಾನು. 2001 ಎಂಬ ಅಂಕಿ ಕಂಡೊಡನೆ ಕೈ ಅಲ್ಲಿಗೇ ಹೋಯಿತು. ಸರ್ ಹೇಳಿದರು: "ನೀನು ಗುರುತಿಸಿದ್ದು ನಿಜ. ಆದರೆ ಅದು ಪ್ಯಾಸೇಜಿನಲ್ಲಿಲ್ಲ."

ಅಂದಿನಿಂದ ತಪ್ಪು ಆಯ್ಕೆಗಳನ್ನು ಮೂರು ಬಗೆಯಾಗಿ ನೋಡುತ್ತೇನೆ. 'ಅ' ಹೇಳಿದ್ದಕ್ಕಿಂತ ಹೆಚ್ಚು ಹೇಳುತ್ತದೆ. 'ಎಲ್ಲ', 'ಮಾತ್ರ', 'ಯಾವಾಗಲೂ' ಎಂಬ ಪದಗಳಿದ್ದರೆ ಎಚ್ಚರ ಬೇಕು. 'ಇ' ಹೊರಗಿನ ಸತ್ಯ. 'ಈ' ಪ್ಯಾಸೇಜಿನ ಪದಗಳನ್ನೇ ತೆಗೆದುಕೊಂಡು ಸಂಬಂಧವನ್ನು ತಿರುಚುತ್ತದೆ. ಉಳಿಯುವುದು 'ಆ'. ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಬಹುದು. ಹಾಗೆ ತೋರಿಸಲಾಗದಿದ್ದರೆ ಆ ಉತ್ತರವನ್ನು ನಂಬಬೇಡಿ.

ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಪ್ರಶ್ನೆಗಳನ್ನು ಮಾತ್ರ ನೋಡುತ್ತೇನೆ, ಆಯ್ಕೆಗಳನ್ನಲ್ಲ. ನಂತರ ಪ್ಯಾಸೇಜನ್ನು ಒಮ್ಮೆ ನಿಲ್ಲಿಸದೆ ಓದುತ್ತೇನೆ. 'ಆದರೆ', 'ಹೀಗಾಗಿ', 'ಆದರೂ' ಬಂದಲ್ಲಿ ನಿಧಾನಿಸುತ್ತೇನೆ, ಏಕೆಂದರೆ ಲೇಖಕರ ಮಾತು ತಿರುಗುವುದು ಅಲ್ಲಿಯೇ. ಗೊತ್ತಿಲ್ಲದ ಪದ ಸಿಕ್ಕರೆ ಹಿಂದಿನ ಮತ್ತು ಮುಂದಿನ ವಾಕ್ಯದಿಂದ ಅರ್ಥ ಊಹಿಸುತ್ತೇನೆ.

ಅಂಕ ಕಡಿತಕ್ಕೆ ಹೆದರಿ ತುಂಬ ಪ್ರಶ್ನೆ ಬಿಡುವವರಿಗೆ ಒಂದು ಲೆಕ್ಕ. ಸಿಯುಇಟಿಯಲ್ಲಿ ಎರಡು ಆಯ್ಕೆಗಳನ್ನು ತಪ್ಪೆಂದು ಖಚಿತವಾಗಿ ತೆಗೆದರೆ, ಉಳಿದ ಎರಡರಲ್ಲಿ ಒಂದನ್ನು ಆರಿಸುವಾಗ ಸರಾಸರಿ ಲಾಭ (5−1)÷2, ಅಂದರೆ 2 ಅಂಕ. ಆದ್ದರಿಂದ ಅಲ್ಲಿ ಉತ್ತರ ಗುರುತಿಸುವುದೇ ಒಳ್ಳೆಯದು.

ಅಭ್ಯಾಸಕ್ಕೆ ಕೋಚಿಂಗ್ ಶುಲ್ಕವೇ ಬೇಕೆಂದಿಲ್ಲ. ಬಂಗಾರಪೇಟೆಯಿಂದ ರೈಲಿನಲ್ಲಿ ಬರುವಾಗ ನಾನು ಪತ್ರಿಕೆಯ ಒಂದು ಸಂಪಾದಕೀಯ ಓದುತ್ತೇನೆ. ಕೋರಮಂಡಲ್ ನಿಲ್ದಾಣ ಬರುವಷ್ಟರಲ್ಲಿ ಅದರ ಸಾರವನ್ನು ಒಂದೇ ವಾಕ್ಯದಲ್ಲಿ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು ಎಂಬುದು ನನ್ನ ನಿಯಮ. ಮೊದಲ ವಾರ ಆಗಲಿಲ್ಲ. ಈಗ ಹೆಚ್ಚಿನ ದಿನ ಆಗುತ್ತದೆ.

ಆ ದಿನದ ತಪ್ಪನ್ನು ದಾದಾಗೆ ಹೇಳಿದೆ. ಅವರು ನಕ್ಕು, "ನನ್ನ ಕಥೆ ನನ್ನ ಹತ್ತಿರವೇ ಇರಲಿ, ನೀನು ಕಾಗದದಲ್ಲಿ ಇರುವುದನ್ನು ಓದು" ಎಂದರು. ಪರೀಕ್ಷೆ ಬರೆಯುವ ಎಲ್ಲ ಸ್ನೇಹಿತರಿಗೂ ಇದೇ ನನ್ನ ಸಲಹೆ. ಶುಭವಾಗಲಿ.