ಪಕ್ಕವಾದ್ಯದ ಧರ್ಮ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ತತ್ವಪದ ಕೇಳಿದವರು ಏಕತಾರಿಯ ಸಂಯಮವನ್ನು ಬಲ್ಲರು: ಅದು ಶ್ರುತಿ ಹಿಡಿಯುತ್ತದೆ, ಮಾತನ್ನು ಮುಚ್ಚದು. ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್ (1929–1994) ಅವರದೂ ಅದೇ ಸಂಯಮ. ಗಾಯಕಿ ಎಲಾ ಫಿಟ್ಜೆರಾಲ್ಡರಿಗೆ ವೇದಿಕೆಯಲ್ಲಿ ಅವರೊಬ್ಬರೇ ಸಾಥ್ ನೀಡುವಾಗ ಹೆಬ್ಬೆರಳು ಮಂದ್ರದ ನಡೆಯನ್ನು ಕಾಯುತ್ತಿತ್ತು, ಉಳಿದ ಬೆರಳುಗಳು ಮೇಲಿನ ತಂತಿಗಳನ್ನು ಮೀಟುತ್ತಿದ್ದವು. ಹಾಡುವ ದನಿ ಉಸಿರೆಳೆಯುವ ಎಡೆಯಲ್ಲಷ್ಟೇ ಗಿಟಾರಿನ ಮರುಮಾತು.

1973ರಲ್ಲಿ ಒಬ್ಬರೇ ನುಡಿಸಿ ಮುದ್ರಿಸಿದ ‘ವರ್ಚುಯೋಸೋ’ ಅವರ ಕೈಚಳಕಕ್ಕೆ ಸಾಕ್ಷಿ. ಅದೇ ವರ್ಷ ಎಲಾ ಅವರೊಡನೆ ಮುದ್ರಿಸಿದ ‘ಟೇಕ್ ಲವ್ ಈಸಿ’ ಆ ಕೈಯ ವಿನಯಕ್ಕೆ. ಬಲ್ಲದ್ದನ್ನೆಲ್ಲ ನುಡಿಸದಿರುವುದೇ ಪಕ್ಕವಾದ್ಯದ ಧರ್ಮ. ಕೀಬೋರ್ಡಿನ ಅಬ್ಬರದಲ್ಲಿ ಪದ ಮುಳುಗುವ ನಮ್ಮ ಭಜನೆಗಳಿಗೂ ಇದು ಸಲ್ಲುವ ಮಾತು. ಶಾಲೆಯಲ್ಲಿ ಕನ್ನಡ ಸಿಗದ ಮಗುವಿಗೆ ಆ ಪದವೇ ಕನ್ನಡದ ಪಾಠ.